ಸೊಪ್ಪಿನಕ್ಕ ಕೊಟ್ಟ ಒಳ್ಳೆಯ ಮಣ್ಣು

ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಬಾಣಂತಿಯೆಂದರೆ ಸಬ್ಬಸಿಗೆ ಸೊಪ್ಪನ್ನು ಹಾಲು ಮಾಡುವ ಯಂತ್ರ. ಅಜ್ಜಿ ನನ್ನ ಅಮ್ಮನಿಗೆ ತಿನ್ನಿಸಿದಳು, ಅಮ್ಮ ನನಗೆ ತಿನ್ನಿಸಿದಳು, ನಾನು ನನ್ನ ಮಗಳಿಗೆ ತಿನ್ನಿಸಿದೆ. ಬೆಳಿಗ್ಗೆ ಸಬ್ಬಸಿಗೆ ಹಾಕಿ ತಟ್ಟಿದ ಅಕ್ಕಿರೊಟ್ಟಿ, ಮಧ್ಯಾಹ್ನ ಸಬ್ಬಸಿಗೆ ಬೇಳೆಸಾರು, ರಾತ್ರಿ ಊಟಕ್ಕೆ ಅದರದೇ ಪಲ್ಯ. ಮೂರನೆಯ ವಾರಕ್ಕೆ ಮಗಳು ತಟ್ಟೆ ದೂಡಿದಳು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು, ಬಿಡುತ್ತೇನೆಯೇ? ಸೊಪ್ಪಿನಲ್ಲಿ ಕಬ್ಬಿಣವಿದೆ, ಸುಣ್ಣದ ಅಂಶವಿದೆ, ಮಗುವಿನ ಮೂಳೆಗೆ ಒಳ್ಳೆಯದು ಎಂದು ಪಾಠ ಒಪ್ಪಿಸಿ ತಟ್ಟೆಯನ್ನು ವಾಪಸು ಅವಳ ಮುಂದೆ ಇಟ್ಟೆ. ಸೊಪ್ಪಿನಲ್ಲಿ ಲೋಹ ಇದೆಯೆಂದು ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಯಾವ ಲೋಹ ಎಂಬುದೊಂದರಲ್ಲಿ ತಪ್ಪಿದೆ.

ಈ ಸೊಪ್ಪು ಬರುತ್ತಿದ್ದುದು ಸೊಪ್ಪಿನಕ್ಕನ ಬುಟ್ಟಿಯಲ್ಲಿ. ಎಪ್ಪತ್ತು ದಾಟಿದ ಹೆಂಗಸು. ಬೆಳಿಗ್ಗೆ ಬಿಸಿಲೇರುವ ಮೊದಲೇ ನೇಕಾರರ ಬೀದಿಗೆ ಬಂದು, ಮೊದಲ ಕಟ್ಟನ್ನು ನಮ್ಮ ಹೊಸ್ತಿಲ ಮೇಲೆ ಇಟ್ಟು, ಆಮೇಲೆ ಉಳಿದವರ ಮನೆಗೆ ಹೋಗುತ್ತಿದ್ದಳು. ಅವಳ ದಂಟಿನ ಸೊಪ್ಪಾಗಲಿ ಸಬ್ಬಸಿಗೆಯಾಗಲಿ ಬೇರೆಯವರದಕ್ಕಿಂತ ಗಿಡ್ಡ, ದಪ್ಪ, ಕಡುಹಸಿರು. ಧನಗೆರೆ ಕಡೆಯಿಂದ ಬರುವ ಸೊಪ್ಪನ್ನು ಅವಳು ಹುಲ್ಲು ಎಂದೇ ಕರೆಯುತ್ತಿದ್ದಳು. ಮಗಳಿಗೆ ಹೆರಿಗೆಯಾದ ಮೇಲಂತೂ, ನಮ್ಮ ಮನೆಗೆಂದೇ ಒಂದು ಮಡಿ ಸಬ್ಬಸಿಗೆ ಬೇರೆ ಬಿತ್ತಿ, ಅದನ್ನು ಇನ್ನೊಬ್ಬರಿಗೆ ಮಾರದೆ ಕಾಯುತ್ತಿದ್ದಳು.

ಸೊಪ್ಪಿನಕ್ಕ ಸೊಪ್ಪು ಮಾರುವುದಕ್ಕೆ ಮುಂಚೆ ನಮ್ಮ ಮನೆಯಲ್ಲೇ ಕೆಲಸಕ್ಕಿದ್ದವಳು. ನಮ್ಮದು ರೇಷ್ಮೆ ನೇಯುವ ಮನೆತನ. ಅಪ್ಪ ಮಾತ್ರ ಮಗ್ಗದಲ್ಲಿ ಕೂತು ಕಾಲು ನೋಯಿಸಿಕೊಳ್ಳುವುದು ಬೇಡವೆಂದು ಹಿತ್ತಿಲಲ್ಲಿ ಬಣ್ಣದ ಮನೆ ಇಟ್ಟರು. ತಾಮ್ರದ ಹಂಡೆಗಳಲ್ಲಿ ಬಣ್ಣ ಕುದಿಯುತ್ತಿತ್ತು, ರೇಷ್ಮೆ ನೂಲಿನ ಲಡಿಗಳು ಬಿದಿರಿನ ಕೋಲಿನಿಂದ ಇಳಿಬಿದ್ದು ಅದರಲ್ಲಿ ಮುಳುಗೇಳುತ್ತಿದ್ದವು. ಕಪ್ಪು ಬಣ್ಣ ನಿಲ್ಲಬೇಕಾದರೆ ಕಿತ್ತಳೆ ಬಣ್ಣದ ಒಂದು ಪುಡಿ ಬೇಕಿತ್ತು. ಅಪ್ಪ ಅದಕ್ಕೆ ಕ್ರೋಮ್ ಪುಡಿ ಅನ್ನುತ್ತಿದ್ದರು, ಮಕ್ಕಳು ಮುಟ್ಟಬಾರದೆಂದು ಅಟ್ಟದ ಮೇಲೆ ಇಟ್ಟಿರುತ್ತಿದ್ದರು. ಎಂಥ ಜವಾಬ್ದಾರಿಯ ಮನುಷ್ಯ ನೋಡಿ. ಅಟ್ಟದಿಂದ ಇಳಿಸಿ, ಹಂಡೆಗೆ ಹಾಕಿ, ಕೆಲಸ ಮುಗಿದ ಮೇಲೆ ಅದೇ ನೀರನ್ನು ಹಿತ್ತಿಲ ಹಿಂದಿನ ಹಳ್ಳಕ್ಕೆ ಸುರಿಯುತ್ತಿದ್ದರು. ಸೊಪ್ಪಿನಕ್ಕ ಆ ಹಳ್ಳದಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಲಡಿಗಳನ್ನು ಜಾಲಿಸಿ ಹಿಂಡುತ್ತಿದ್ದಳು. ಅವಳ ಮೊಣಕೈವರೆಗೆ ಯಾವ ಬಣ್ಣವಿದೆಯೋ ಆ ಬಣ್ಣದ ಸೀರೆ ಆ ತಿಂಗಳು ಮಗ್ಗದ ಮೇಲಿದೆ ಎಂದು ನಾವು ಮಕ್ಕಳು ಹೇಳುತ್ತಿದ್ದೆವು. ಹಳ್ಳ ಒಂದು ದಿನ ಕೆಂಪು, ಒಂದು ದಿನ ಗಿಳಿಹಸಿರು. ನಮ್ಮೂರಿನಂಥ ಚೆಂದದ ಹಳ್ಳ ಇನ್ನೆಲ್ಲೂ ಇಲ್ಲವೆಂದು ನಾನು ನಂಬಿದ್ದೆ.

ಬಣ್ಣದ ಮನೆ ಮುಚ್ಚಿದಾಗ ಅಪ್ಪ ಸೊಪ್ಪಿನಕ್ಕನನ್ನು ಕೈಬಿಡಲಿಲ್ಲ. ಹಳ್ಳ ಊರು ದಾಟಿ ಹೊಳೆಗೆ ಸೇರುವಲ್ಲಿ ನಮ್ಮದೊಂದು ತಗ್ಗಿನ ತಾಕು ಇತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹಳ್ಳದ ನೀರು ಮುಂದೆ ಹೋಗಲಾರದೆ ಹಿಂದಕ್ಕೆ ಒತ್ತಿ ಆ ತಾಕಿನ ಮೇಲೆ ವಾರಗಟ್ಟಲೆ ನಿಲ್ಲುತ್ತಿತ್ತು. ನೀರು ಇಳಿದ ಮೇಲೆ ಒಂದು ಗೇಣು ಕರಿ ಮೆಕ್ಕಲು ಮಣ್ಣು ಉಳಿಯುತ್ತಿತ್ತು. ಭತ್ತಕ್ಕೆ ಆಗದ, ಕಬ್ಬಿಗೆ ಆಗದ, ಕೊಳ್ಳುವವರೂ ಬಾರದ ಆ ನೆಲವನ್ನು ಅಪ್ಪ ಅವಳಿಗೆ ದಾನವಾಗಿ ಬರೆದುಕೊಟ್ಟರು. ಬೀದಿಯಲ್ಲಿ ಅಪ್ಪನ ಹೆಸರು ಅಂಥ ದೊಡ್ಡದಾದದ್ದು ಆಗಲೇ. ಇಪ್ಪತ್ತು ವರ್ಷ ಯಾವ ಹೆಂಗಸಿನ ಕೈಯಲ್ಲಿ ಬಣ್ಣ ಜಾಲಿಸಿದರೋ, ಆ ಬಣ್ಣವೆಲ್ಲ ಹೋಗಿ ಕೂತ ನೆಲವನ್ನೇ ಅವಳಿಗೆ ಕೊಟ್ಟರು. ಅದನ್ನು ನಾವು ಔದಾರ್ಯ ಎಂದೆವು, ಅವರು ತೀರಿಕೊಂಡಾಗ ಬಂದವರೆಲ್ಲ ಅದನ್ನೇ ನೆನೆದರು, ನಾನೂ ಅತ್ತೆ.

ನಮ್ಮ ಹಳ್ಳ ನಮ್ಮೊಬ್ಬರ ಸ್ವತ್ತಾಗಿ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಆಮೇಲಾಮೇಲೆ ಹಳೆ ಬ್ಯಾಟರಿ ಒಡೆದು ಒಳಗಿನ ತಗಡು ಬಿಡಿಸುವವರು ದಡದಲ್ಲಿ ಗುಡಿಸಲು ಹಾಕಿದರು. ಊರಿನ ಕಸವೂ ಅಲ್ಲಿಗೇ ಬಂತು. ಎಲ್ಲರೂ ತಮ್ಮ ತಮ್ಮ ಕೈಲಾದದ್ದನ್ನು ಹಳ್ಳಕ್ಕೆ ಕೊಟ್ಟರು, ಹಳ್ಳ ಅದನ್ನೆಲ್ಲ ಜೋಪಾನವಾಗಿ ಒಯ್ದು ಸೊಪ್ಪಿನಕ್ಕನ ತಾಕಿನಲ್ಲಿ ಇಳಿಸಿತು.

ಮಗಳು ಬಾಣಂತನಕ್ಕೆ ಬಂದ ವರ್ಷವೇ, ಹೊಳೆ ದಡದ ಮಣ್ಣಿನಲ್ಲೂ ಗಿಡಗಳಲ್ಲೂ ವಿಷದ ಲೋಹಗಳು ಎಷ್ಟಿವೆ ಎಂದು ನೋಡಲು ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಬಂದಳು. ಪಿಎಚ್‌ಡಿಗೆ ಓದುತ್ತಿದ್ದವಳು. ಯಳಂದೂರಿನಿಂದ ಸತ್ತೇಗಾಲದವರೆಗೆ ಹೊಳೆಯ ಬದಿ ನಡೆದು ಮಣ್ಣು ತುಂಬಿಕೊಳ್ಳುತ್ತಿದ್ದಳು. ಯಾರೋ ನನ್ನ ವಿಳಾಸ ಕೊಟ್ಟು, ಟೀಚರಮ್ಮ ಸಹಾಯ ಮಾಡುತ್ತಾರೆ ಅಂದರಂತೆ. ನಮ್ಮ ಮಹಡಿ ಕೋಣೆಯಲ್ಲಿ ಒಂದು ವಾರ ಇದ್ದಳು. ಸೊಪ್ಪಿನಕ್ಕನ ತಾಕಿನ ಸರದಿ ಬರುವ ಹೊತ್ತಿಗೆ ಹೊಳೆ ತುಂಬಿ ಅಲ್ಲಿ ಸೊಂಟದುದ್ದ ನೀರು. ಏರಿಯ ಮೇಲಿದ್ದ ನಮ್ಮ ಮನೆಯ ಸಬ್ಬಸಿಗೆ ಮಡಿಯೊಂದೇ ತಲೆ ಎತ್ತಿಕೊಂಡಿತ್ತು. ಹುಡುಗಿಗೆ ವಾಪಸು ಹೋಗಲೇಬೇಕಿತ್ತು. ನೀರು ಇಳಿದ ಮೇಲೆ ಐದು ಕಡೆಯಿಂದ ಒಂದು ಗೇಣು ಆಳದ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ, ಒಂದು ಕವರಿಗೆ ತುಂಬಬೇಕು, ಬೇರುಸಹಿತ ಕಿತ್ತ ಸೊಪ್ಪನ್ನು ಇನ್ನೊಂದಕ್ಕೆ ತುಂಬಬೇಕು ಎಂದು ಹೇಳಿ ಎರಡು ಪ್ಲಾಸ್ಟಿಕ್ ಕವರುಗಳನ್ನು ನನ್ನ ಕೈಗೆ ಕೊಟ್ಟಳು. ಮಣ್ಣಿನ ಮಾಲಿನ್ಯದ ಪಾಠವನ್ನು ಮೂವತ್ತು ವರ್ಷ ಚಿತ್ರಸಹಿತ ಮಾಡಿದವಳು ನಾನು, ನನಗೇ ಹೇಳಿಕೊಡುತ್ತೀಯಾ ಎಂಬ ಮುಖ ಮಾಡಿ ಕವರು ತೆಗೆದುಕೊಂಡೆ.

ಕೆಸರಿಗೆ ಇಳಿಯುವವರು ಯಾರು? ನೀರು ಇಳಿದ ಮೇಲೆ ಕವರುಗಳನ್ನು ಸೊಪ್ಪಿನಕ್ಕನ ಬುಟ್ಟಿಯಲ್ಲಿ ಹಾಕಿದೆ. ದೊಡ್ಡ ಆಫೀಸಿಗೆ ಹೋಗುವ ಮಣ್ಣು, ಸರಿಯಾಗಿ ತುಂಬು ಎಂದೆ. ಅದೊಂದು ಮಾತು ಹೆಚ್ಚಾಯಿತು. ಮುಂದಿನ ನಾಲ್ಕು ದಿನ ಅವಳು ಬರಲಿಲ್ಲ. ಲೊಕ್ಕನಹಳ್ಳಿಯ ತವರುಮನೆಗೆ ಹೋಗಿದ್ದಾಳೆ ಎಂದು ಬೀದಿಯಲ್ಲಿ ಹೇಳಿದರು. ಐದನೆಯ ದಿನ ಬಂದು ಎರಡು ಕವರುಗಳನ್ನೂ ಕೊಟ್ಟಳು, ಬಾಯಿಯನ್ನು ದಾರದಿಂದ ಕಟ್ಟಿ, ಗಂಟಿಗೆ ಅರಿಶಿನ ಹಚ್ಚಿದ್ದಳು. ನಾನು ಮೇಲೆ ದುಂಡಗಿನ ಅಕ್ಷರದಲ್ಲಿ ಜಾಗದ ವಿವರ ಬರೆದು, ಫೋಟೋ ತೆಗೆದು ಹುಡುಗಿಗೆ ಕಳಿಸಿ, ಕೊರಿಯರಿಗೆ ಹಾಕಿದೆ. ಒಳಗೇನಿದೆ ಎಂದು ಬಿಚ್ಚಿ ನೋಡುವ ಕೆಲಸವನ್ನು ವಿಜ್ಞಾನಕ್ಕೆ ಬಿಟ್ಟೆ.

ಕೆಲವು ವಾರಗಳ ಮೇಲೆ ಹುಡುಗಿಯ ಫೋನ್ ಬಂತು. ಮಣ್ಣಿನ ಪರೀಕ್ಷೆ ಮುಗಿದಿದೆ, ಸೊಪ್ಪಿನದು ಇನ್ನೂ ಆಗಬೇಕು, ಇಡೀ ಹೊಳೆ ದಡದಲ್ಲಿ ಇಷ್ಟು ಶುದ್ಧವಾದ ಮಣ್ಣು ಬೇರೆಲ್ಲೂ ಸಿಕ್ಕಿಲ್ಲ, ತನಗೇ ಆಶ್ಚರ್ಯ ಅಂದಳು. ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮಪ್ಪ ಕೊಟ್ಟ ನೆಲವಲ್ಲವೇ. ಸಂಜೆಯೊಳಗೆ ಬೀದಿಗೆಲ್ಲ ಹೇಳಿ ಮುಗಿಸಿದೆ. ಅಲ್ಲಿಂದ ಮುಂದೆ ಸೊಪ್ಪಿನಕ್ಕನ ಬುಟ್ಟಿ ಬೀದಿಯ ಅರ್ಧಕ್ಕೇ ಖಾಲಿಯಾಗತೊಡಗಿತು. ಪರೀಕ್ಷೆ ಮಾಡಿಸಿದ ಸೊಪ್ಪು ಎಂದು ಹೆಂಗಸರು ಕೇಳಿ ತೆಗೆದುಕೊಂಡರು. ಸಕ್ಕರೆ ಕಾಯಿಲೆಯ ನಮ್ಮ ಎದುರು ಮನೆಯವರು ಅದರ ರಸ ಹಿಂಡಿ ಕುಡಿಯತೊಡಗಿದರು. ವಿಚಿತ್ರವೆಂದರೆ ಸಂಭ್ರಮಪಡದಿದ್ದವಳು ಸೊಪ್ಪಿನಕ್ಕ ಒಬ್ಬಳೇ. ನಾನು ಹೊಗಳಿದಾಗ ತಲೆ ತಗ್ಗಿಸಿ ಕಟ್ಟು ಬಿಚ್ಚುತ್ತ ಕೂತಳು. ಅದನ್ನು ನಾನು ವಿನಯ ಅಂದುಕೊಂಡೆ. ಮಗಳ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿದೆ.

ಎರಡನೆಯ ಫೋನು ಬಂದಾಗ ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ. ಹುಡುಗಿ ಮೊದಲು ನನ್ನ ಆರೋಗ್ಯ ವಿಚಾರಿಸಿದಳು. ಆಗಲೇ ನನಗೆ ಅನುಮಾನ ಬಂತು. ಸೊಪ್ಪಿನ ಎಲೆಯಲ್ಲಿ ಸೀಸ ಇರಬಾರದಷ್ಟಿದೆ ಅಂದಳು. ಬೇರಿನಲ್ಲಿ ಕ್ರೋಮಿಯಂ ತುಂಬಿದೆ, ಅದು ಹೆಚ್ಚಾಗಿ ಬೇರು ಬಿಟ್ಟು ಮೇಲೇರುವುದಿಲ್ಲ, ಸೀಸವೇ ಚಿಂತೆಯದು ಅಂದಳು. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಮೊದಲು ಆದದ್ದು ಸಮಾಧಾನ. ಸೀಸ ಬ್ಯಾಟರಿಯವರದು, ಕ್ರೋಮಿಯಂ ನಮ್ಮದು, ನಮ್ಮದು ಮರ್ಯಾದೆಯಾಗಿ ಬೇರಿನಲ್ಲೇ ಉಳಿದಿದೆ ಎಂದು ಲೆಕ್ಕ ಹಾಕಿದೆ. ವಿಷದಲ್ಲೂ ನಮ್ಮ ಮನೆತನದ್ದು ಸಂಭಾವಿತ ವಿಷ. ಆಮೇಲೆ ಎಣ್ಣೆ ಹಚ್ಚಿಸಿಕೊಂಡು ಕಾಲಾಡಿಸುತ್ತಿದ್ದ ಮಗುವನ್ನು ನೋಡಿದೆ.

ಹುಡುಗಿ ಮಾತು ಮುಂದುವರಿಸುತ್ತಿದ್ದಳು. ಮಣ್ಣು ಶುದ್ಧವಾಗಿದ್ದು ಅದರಲ್ಲಿ ಬೆಳೆದ ಸೊಪ್ಪು ಹೀಗಿರುವುದು ಸಾಧ್ಯವೇ ಇಲ್ಲ, ನೀವು ಕಳಿಸಿದ ಮಣ್ಣು ಕೆಂಪಗಿತ್ತು, ನಿಮ್ಮ ಫೋಟೋದಲ್ಲೂ ಕೆಂಪಗಿದೆ, ಹೊಳೆಯ ಮೆಕ್ಕಲು ಕಪ್ಪಗಿರಬೇಕಲ್ಲವೇ, ನೀವೇ ತೆಗೆದದ್ದಾ ಆಂಟಿ, ಎಂದು ಕೇಳಿದಳು. ಮೂವತ್ತು ವರ್ಷ ಮಕ್ಕಳ ಕಳ್ಳಾಟ ಹಿಡಿದವಳು ನಾನು. ಹೂಂ ಅಂದೆ. ಆಮೇಲೆ ಇಲ್ಲ ಅಂದೆ.

ಮಗಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಬೇಡ ಅಂದಿದ್ದೆನಲ್ಲಮ್ಮ ಎಂದು ಒಂದೇ ಮಾತು ಮೆಲ್ಲಗೆ ಅಂದು ಮಗುವನ್ನು ಎತ್ತಿಕೊಂಡು ಕೋಣೆಗೆ ಹೋದಳು. ಮರುದಿನವೇ ಮೈಸೂರಿನ ಆಸ್ಪತ್ರೆಗೆ ಹೋದೆವು. ಇಬ್ಬರ ರಕ್ತವನ್ನೂ ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ಅಷ್ಟು ಸಣ್ಣ ತೋಳಿನಲ್ಲಿ ನರ ಹುಡುಕುವಾಗ ಮಗು ಅತ್ತದ್ದನ್ನು ನಾನು ಹೊರಗಿನ ಬೆಂಚಿನಲ್ಲಿ ಕೂತು ಕೇಳಿದೆ. ಫಲಿತಾಂಶ ಬರುವವರೆಗಿನ ದಿನಗಳಲ್ಲಿ ಸೊಪ್ಪಿನಕ್ಕ ಇಟ್ಟು ಹೋದ ಕಟ್ಟುಗಳನ್ನು ನಾನು ಹಿತ್ತಿಲಲ್ಲಿ ಹೂಳುತ್ತಿದ್ದೆ, ಅವಳಿಗೆ ಹೇಳುವ ಧೈರ್ಯ ಬರುತ್ತಿರಲಿಲ್ಲ. ಹೂತದ್ದು ಮತ್ತೆ ಮಣ್ಣಿಗೇ ತಾನೇ ಹೋಗುವುದು ಎಂಬುದು ವಿಜ್ಞಾನದ ಟೀಚರಿಗೆ ಮೂರನೆಯ ದಿನ ಹೊಳೆಯಿತು.

ಮಗಳ ರಕ್ತದಲ್ಲಿ ಸೀಸ ಸ್ವಲ್ಪ ಇದೆ, ಮಗುವಿನದರಲ್ಲಿ ಹೆದರುವಷ್ಟು ಕಾಣುತ್ತಿಲ್ಲ, ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡೋಣ ಎಂದರು ಡಾಕ್ಟರು. ಹಾಲು ನಿಲ್ಲಿಸಬೇಡಿ, ಸೊಪ್ಪು ನಿಲ್ಲಿಸಿ ಅಂದರು. ಬಾಣಂತಿಗೆ ಇದನ್ನು ತಿನ್ನಿಸಿದವರು ಯಾರು ಎಂದು ಕೇಳಿದರು. ಮಗಳು ನನ್ನ ಕಡೆ ನೋಡಲೂ ಇಲ್ಲ, ಊರ ಕಡೆ ಪದ್ಧತಿ ಸಾರ್ ಅಂದುಬಿಟ್ಟಳು.

ಅಲ್ಲಿಂದ ಬಂದವಳೇ ನೇರ ತಾಕಿಗೆ ಹೋದೆ. ಬೈಯಲೆಂದೇ ಹೋದೆ. ಸಿಟ್ಟು ನನ್ನ ಮೇಲೆ ಇರಬೇಕಿತ್ತು, ಆದರೆ ನನ್ನ ಮೇಲಿನ ಸಿಟ್ಟನ್ನು ಬೇರೆಯವರ ಮೇಲೆ ತೀರಿಸಿಕೊಳ್ಳುವುದು ನನಗೆ ವೃತ್ತಿಯಿಂದ ಬಂದ ಅಭ್ಯಾಸ. ಸೊಪ್ಪಿನಕ್ಕ ಸಬ್ಬಸಿಗೆಯ ಮಡಿಯಲ್ಲಿ ಕೂತು ಕಳೆ ಕೀಳುತ್ತಿದ್ದಳು. ಕಾಲಡಿಯ ಮಣ್ಣು ಕಪ್ಪಗೆ ಅಂಟಂಟಾಗಿತ್ತು, ಹತ್ತಿರ ಹೋದರೆ ಹಳೆಯ ಹಂಡೆಯ ವಾಸನೆ. ಈ ಮಣ್ಣನ್ನು ಯಾಕೆ ತುಂಬಲಿಲ್ಲ ಎಂದು ಕೇಳಿದೆ. ಅವಳು ಅಡಗಿಸಲಿಲ್ಲ.

"ಈ ಗಬ್ಬು ನಾರೋ ಮಣ್ಣ ದೊಡ್ ಆಪೀಸ್ಗ ಕಳ್ಸಕಾಯ್ತದಾ? ತವರ್ಗೋಗಿ ಉತ್ತದ ಮಣ್ಣ ತಕಂಡು ಬಂದಿ ಕಣವ್ವ. ಅದ್ಕಿಂತ ಸುದ್ದದ ಮಣ್ಣು ಇನ್ನೆಲ್ಲದ?"

ಮದುವೆಯಲ್ಲಿ ಪೂಜೆಗೆ ಇಡುವ, ಹಾವಿಗೆ ಹಾಲೆರೆಯುವ ಹುತ್ತದ ಮಣ್ಣು. ಅದನ್ನು ತರಲು ಹನೂರಿಗೊಂದು ಬಸ್ಸು, ಅಲ್ಲಿಂದ ಲೊಕ್ಕನಹಳ್ಳಿಗೊಂದು ಬಸ್ಸು ಹತ್ತಿ, ಕಾಡಿನ ಅಂಚಿಗೆ ಹೋಗಿ, ಕೈಮುಗಿದು ಅಗೆದು ತಂದಿದ್ದಳು. ಮನೆಗೆ ಬೀಗರು ಬಂದರೆ ನಾವು ಸಣ್ಣಕ್ಕಿ ಬೇಯಿಸುವುದಿಲ್ಲವೇ, ದಿನಾ ಉಣ್ಣುವುದು ರಾಗಿಮುದ್ದೆಯಾದರೂ? ನಮ್ಮ ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಜಾಣ ಮಕ್ಕಳನ್ನು ಮುಂದಿನ ಬೆಂಚಿಗೆ ಕೂರಿಸಿದವಳು ನಾನು. ಅವಳು ಮಾಡಿದ್ದೂ ಅದೇ. ಸೊಪ್ಪನ್ನು ಮಾತ್ರ ತನ್ನ ಮಡಿಯದೇ ಕಿತ್ತು ಕೊಟ್ಟಿದ್ದಳು, ಯಾಕೆಂದರೆ ಅದಕ್ಕಿಂತ ಒಳ್ಳೆಯ ಸೊಪ್ಪು ಲೋಕದಲ್ಲೇ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಸೊಪ್ಪಿನಲ್ಲಿ ಏನು ಸಿಕ್ಕಿತು, ಮೈಸೂರಿನಲ್ಲಿ ಏನಾಯಿತು ಎಂದು ಹೇಳಿದೆ. ಬೈಗುಳ ಬಾಯಿಗೆ ಬರಲಿಲ್ಲ. ಸೀಸ ಅಂದರೆ ಏನೆಂದು ಅವಳು ಕೇಳಲಿಲ್ಲ. ಮಗುವಿಗೆ ಏನಾದರೂ ಆಗಿದೆಯಾ ಎಂದು ಎರಡು ಸಲ ಕೇಳಿದಳು, ಇಲ್ಲವೆಂದು ನನ್ನಿಂದ ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಬಗ್ಗಿ, ನಮ್ಮ ಮನೆಗೆಂದು ಕಾಯ್ದಿಟ್ಟಿದ್ದ ಮಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ಕಿತ್ತಳು. ನಾನು ಬದುವಿನ ಮೇಲೆ ನಿಂತು ನೋಡಿದೆ. ಮರುದಿನದಿಂದ ಅವಳು ಬೀದಿಗೆ ಬರಲಿಲ್ಲ. ಬೀದಿಯವರಿಗೆ ಕಾರಣ ಹೇಳುವ ಕೆಲಸ ನನ್ನದಾಯಿತು. ಹಿಂದೆ ಒಂದು ಸಂಜೆಯಲ್ಲಿ ಸುದ್ದಿ ಹಂಚಿದವಳಿಗೆ ಈ ಸಲ ವಾರವೇ ಹಿಡಿಯಿತು. ಎದುರು ಮನೆಯವರು ಈಗ ಹಾಗಲಕಾಯಿಯ ರಸ ಕುಡಿಯುತ್ತಿದ್ದಾರೆ.

ಒಂದು ತಿಂಗಳಾದ ಮೇಲೆ, ಮಗುವಿನ ಮುಂದಿನ ಪರೀಕ್ಷೆಯ ಚೀಟಿ ಹುಡುಕುತ್ತಿದ್ದಾಗ ಮಗಳು ಕೇಳಿದಳು, ಸೊಪ್ಪಿನಕ್ಕನ ರಕ್ತ ಯಾರಮ್ಮ ನೋಡಿದ್ದು, ಎಂದು. ಯಾರೂ ನೋಡಿರಲಿಲ್ಲ. ಎರಡು ತಿಂಗಳು ತಿಂದವರನ್ನು ಹೊತ್ತುಕೊಂಡು ಮೈಸೂರಿಗೆ ಓಡಿದ್ದೆ. ಮೂವತ್ತು ವರ್ಷದಿಂದ ದಿನಾ ಅದನ್ನೇ ಬೇಯಿಸಿ ಮುದ್ದೆಗೆ ಕಲಸಿಕೊಂಡವಳು, ಅದಕ್ಕೂ ಮುಂಚೆ ಇಪ್ಪತ್ತು ವರ್ಷ ನಮ್ಮ ಬಣ್ಣದ ನೀರಲ್ಲಿ ನಿಂತವಳು, ನನ್ನ ತಲೆಗೇ ಬಂದಿರಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಅಪ್ಪನಂತೆಯೇ ನಾನೂ ಅವಳ ಕೈಬಿಟ್ಟಿಲ್ಲ ಎಂದುಕೊಂಡೇ ಇದ್ದೆ.

ಮುಂದಿನ ಸೋಮವಾರ ರಕ್ತ ಪರೀಕ್ಷೆಗೆ ಹೋಗೋಣವೆಂದು ಹೇಳಿಬಂದೆ. ಸೋಮವಾರ ಅವಳು ಬಸ್‌ಸ್ಟ್ಯಾಂಡಿಗೆ ಬಂದ ರೂಪ ನೋಡಬೇಕಿತ್ತು. ಅಪ್ಪ ಎಂದೋ ಕೊಟ್ಟ ಕಪ್ಪು ಅಂಚಿನ ರೇಷ್ಮೆ ಸೀರೆ ಉಟ್ಟು, ತಲೆಗೆ ಎಣ್ಣೆ ಹಾಕಿ ಬಾಚಿ, ಹೂ ಮುಡಿದಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ವಿಷಯ ಹೊರಗೆ ಬಂತು. ನಾಲ್ಕು ದಿನದಿಂದ ಸೊಪ್ಪು ಮುಟ್ಟಿರಲಿಲ್ಲವಂತೆ, ಬರೀ ದಾಳಿಂಬೆ, ಸೇಬು, ಬೀಟ್‌ರೂಟ್ ತಿಂದಳಂತೆ, ರಕ್ತ ಚೆನ್ನಾಗಿ ಬರಲಿ ಎಂದು. ನನಗೆ ರೇಗಿತು. ಇದೇನು ಬೀಗರ ಊಟವಾ, ಸೀಸ ನಾಲ್ಕು ದಿನದಲ್ಲಿ ಹೋಗುವುದಿಲ್ಲ, ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂರುತ್ತದೆ, ಇನ್ನೂ ಯಾರಿಗೆ ಒಳ್ಳೆಯದನ್ನು ತೋರಿಸಬೇಕು ನೀನು, ಎಂದು ಬಸ್ಸಿನಲ್ಲೇ ದನಿ ಎತ್ತಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು, ಕಿಟಕಿಯ ಕಡೆ ನೋಡುತ್ತ, ನನಗಷ್ಟೇ ಕೇಳುವಂತೆ ಹೇಳಿದಳು.

"ಬಣ್ಣದ ನೀರು ಎಲ್ಲಿಗೋಯ್ತದ ಅಂತ ನಂಗ್ ಗೊತ್ತಿರ್ನಿಲ್ವಾ ಕಣವ್ವ? ಅದು ನಿಮ್ಮಪ್ಪಾರು ಕೊಟ್ಟ ಮಣ್ಣು. ಕೆಟ್ಟುದ್ದು ಅಂತ ಯಾರಾರ ಬರ್ಕಂಡೋದ್ರ, ಅವ್ರ ಎಸ್ರು ಏನಾಗ್ಬೇಕು?"

ಮೈಸೂರಿನಲ್ಲಿ ಇಳಿದು ಅವಳನ್ನು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸು ಅವಳ ತೋಳಿಗೆ ರಬ್ಬರು ಕಟ್ಟಿ ಮುಷ್ಟಿ ಬಿಗಿಹಿಡಿಯಲು ಹೇಳಿದಳು. ಸೊಪ್ಪಿನಕ್ಕ ಲಡಿ ಹಿಂಡುವವಳಂತೆ ಬಿಗಿಹಿಡಿದಳು. ಸಣ್ಣ ಗಾಜಿನ ಕೊಳವೆಯಲ್ಲಿ ರಕ್ತ ಕೆಂಪಗೆ ತುಂಬುತ್ತ ಬಂತು. ಅವಳು ಕಣ್ಣು ತೆಗೆಯದೆ ಅದನ್ನೇ ನೋಡಿ, ಆಮೇಲೆ ನನ್ನ ಕಡೆ ತಿರುಗಿ, ಚೆನ್ನಾಗದ ಅಲ್ವಾ ಎಂದು ಕೇಳಿದಳು.

ಚೆನ್ನಾಗಿದೆ ಅಂದೆ.